ದಿನಾ ಓಡಿಸುವ ಸೈಕಲ್‌ಗೆ ಸ್ಟೀಲ್ ಫ್ರೇಮ್: ಈ ಮೂರರಲ್ಲಿ ಯಾವುದು?

ನಿಧಾನಸವಾರ:

ಹೋದ ಭಾನುವಾರ ಸೈಕಲ್ ತೊಳೆದು ಬಟ್ಟೆಯಲ್ಲಿ ಒರೆಸುತ್ತಿದ್ದೆ. ಬಲಗಡೆಯ ಚೈನ್‌ಸ್ಟೇ (ಪೆಡಲ್ ಕಡೆಯಿಂದ ಹಿಂದಿನ ಚಕ್ರದ ಅಚ್ಚಿಗೆ ಹೋಗುವ ಪೈಪ್) ಮೇಲೆ, ಕ್ರ್ಯಾಂಕ್‌ನಿಂದ ನಾಲ್ಕು ಬೆರಳು ಹಿಂದೆ, ಒಂದು ಕೂದಲು ಅಂಟಿಕೊಂಡಿತ್ತು. ಒರೆಸಿದೆ, ಹೋಗಲಿಲ್ಲ. ಉಗುರಿನಲ್ಲಿ ಕೆರೆದೆ, ಉಗುರು ಸಿಕ್ಕಿಕೊಂಡಿತು. ಕೂದಲಲ್ಲ, ಬಿರುಕು. ಏಳು ವರ್ಷ ದುಡಿದ ಅಲ್ಯೂಮಿನಿಯಂ ಫ್ರೇಮ್ ಅಲ್ಲಿಗೆ ಮುಗಿಯಿತು.

ಉಳಿದ ಸಾಮಾನೆಲ್ಲ ಗಟ್ಟಿಯಾಗಿದೆ. ಹೊಸ ಸೈಕಲ್ ಬೇಡ, ಬರೀ ಫ್ರೇಮ್ ಮತ್ತು ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ತಂದು ಇದನ್ನೆಲ್ಲ ಅದಕ್ಕೆ ಹಾಕಿಕೊಳ್ಳೋಣ ಅಂತ ಯೋಚನೆ. ಈ ಸಲ ಸ್ಟೀಲ್ ಅಂತ ಮಾತ್ರ ತೀರ್ಮಾನಿಸಿದ್ದೇನೆ. ಯಾವ ಸ್ಟೀಲ್ ಅನ್ನುವಲ್ಲಿ ತಲೆ ಕೆಟ್ಟಿದೆ.

ನನ್ನ ಓಡಾಟ ದೊಡ್ಡದೇನಲ್ಲ. ಕೆಲಸಕ್ಕೆ ಹೋಗಲು 9 ಕಿಲೋಮೀಟರ್, ಬರಲು 9. ಮಳೆ ಬಂದರೂ ಸೈಕಲ್ಲೇ. ನನ್ನ ತೂಕ 82 ಕೆ.ಜಿ. ಹಿಂದಿನ ಕ್ಯಾರಿಯರ್‌ಗೆ ನೇತುಹಾಕುವ ಪಕ್ಕದ ಚೀಲದಲ್ಲಿ ಲ್ಯಾಪ್‌ಟಾಪ್, ಬಟ್ಟೆ ಎಲ್ಲ ಸೇರಿ 6 ಕೆ.ಜಿ. ಇರುತ್ತದೆ. ರೇಸ್ ಗೀಸ್ ಏನೂ ಇಲ್ಲ, ಹೆಸರೇ ಹೇಳುತ್ತಿದೆ ಅಲ್ವಾ.

ಕೈಯಲ್ಲಿರುವ ಸಾಮಾನು: 622 ಅಳತೆಯ ರಿಮ್ (700ಸಿ ಅನ್ನುತ್ತಾರಲ್ಲ, ಅದೇ), 38 ಮಿ.ಮೀ. ಟಯರ್, 135 ಮಿ.ಮೀ. ಅಗಲದ ಹಿಂದಿನ ಹಬ್ (ಚಕ್ರದ ನಡುಭಾಗ), ಫ್ರೇಮಿನ ಗೂಟಕ್ಕೆ ಕೂರುವ ವಿ-ಬ್ರೇಕ್, 8 ಗೇರ್, 27.2 ಮಿ.ಮೀ. ಸೀಟ್ ಪೋಸ್ಟ್.

ಕಣ್ಣಿಗೆ ಬಿದ್ದ ಫ್ರೇಮ್‌ಗಳು ಮೂರು. ಒಂದನೆಯದು ಹೊಸದು, ಪೂರ್ತಿ ಹೈ-ಟೆನ್ (ಅಗ್ಗದ ಸಾದಾ ಸ್ಟೀಲ್). ಫೋರ್ಕ್ ಬಿಟ್ಟು 3.1 ಕೆ.ಜಿ. ಮಡ್‌ಗಾರ್ಡ್, ಕ್ಯಾರಿಯರ್ ಎರಡಕ್ಕೂ ಬೋಲ್ಟ್ ತೂತು ಇದೆ. 42 ಮಿ.ಮೀ. ತನಕ ಟಯರ್ ಹಿಡಿಯುತ್ತದಂತೆ. ವಿ-ಬ್ರೇಕ್ ಹಾಕಬಹುದು. ನೋಡಲು ಮಾತ್ರ ನೀರಿನ ಪೈಪ್ ಜೋಡಿಸಿದ ಹಾಗಿದೆ.

ಎರಡನೆಯದೂ ಹೊಸದು. ಸೀಟ್ ಟ್ಯೂಬ್ ಮೇಲೆ ಮಿರಮಿರ ಮಿಂಚುವ '4130 ಕ್ರೋಮೋಲಿ' ಸ್ಟಿಕ್ಕರ್, ಅಂದರೆ ಕ್ರೋಮಿಯಂ, ಮಾಲಿಬ್ಡಿನಮ್ ಸೇರಿಸಿದ ಗಟ್ಟಿ ಸ್ಟೀಲ್. 2.2 ಕೆ.ಜಿ. ಬೆಲೆ ಒಂದನೆಯದರ ಒಂದೂವರೆ ಪಟ್ಟು. ಹಿಂದಿನ ಅಗಲ, ಅಂದರೆ ಹಬ್ ಕೂರುವ ಜಾಗ, 130. ಟಯರ್ 28 ರ ಮೇಲೆ ಹೋಗುವುದಿಲ್ಲ.

ಮೂರನೆಯದು ಯಾರೋ ಓಡಿಸಿ ಇಟ್ಟಿದ್ದ ಹಳೆಯದು, ರೆನಾಲ್ಡ್ಸ್ ಕಂಪನಿಯ 531 ಅನ್ನುವ ಸ್ಟೀಲ್ ಪೈಪಿನದು. ಲಗ್ (ಪೈಪ್‌ಗಳು ಸೇರುವ ಕಡೆ ಕೂರಿಸುವ ಲೋಹದ ತೋಳು) ಇರುವ ಫ್ರೇಮ್. ಹಿಂದಿನ ಅಗಲ 126, 27 ಇಂಚಿನ ಚಕ್ರಕ್ಕೆ ಮಾಡಿದ್ದು. ನನಗೆ ಸ್ವಲ್ಪ ಎತ್ತರ ಜಾಸ್ತಿ. ಆದರೆ ಆ ಲಗ್‌ಗಳ ಅಂಚನ್ನು ನೋಡಬೇಕು ನೀವು, ಯಾರೋ ಕೂತು ಅರದಲ್ಲಿ ಉಜ್ಜಿ ಉಜ್ಜಿ ಎಲೆಯ ತುದಿಯ ಹಾಗೆ ಮಾಡಿದ್ದಾರೆ. ಬೆಲೆ ಒಂದನೆಯದರಷ್ಟೇ. ಮನಸ್ಸು ಅಲ್ಲೇ ನಿಂತಿದೆ, ಸುಳ್ಳು ಯಾಕೆ ಹೇಳಲಿ.

ಯಾವುದು ತಗೊಳ್ಳಲಿ?

ಲಗ್‌ಪ್ರಿಯ:

531 ಕೈಗೆ ಸಿಕ್ಕಿದೆ ಅಂತೀರಿ, ಜೊತೆಗೆ ಪ್ರಶ್ನೆ ಬೇರೆ ಕೇಳುತ್ತೀರಿ! 1935 ರಲ್ಲಿ ಬಂದ ಪೈಪ್ ಅದು. ಎಷ್ಟೋ ದಶಕ ರೇಸಿನವರೆಲ್ಲ ಅದನ್ನೇ ಓಡಿಸಿದರು. ಆ ಮೃದುತನ ಹೈ-ಟೆನ್‌ನಲ್ಲಿ ಕನಸಲ್ಲೂ ಬರುವುದಿಲ್ಲ. ಕಣ್ಣು ಮುಚ್ಚಿ ತಗೊಳ್ಳಿ.

ತುಕ್ಕುಡಬ್ಬಿ:

ಕಣ್ಣು ಮುಚ್ಚಿ ತಗೊಳ್ಳಬೇಡಿ. ಹಳೆಯ ಫ್ರೇಮ್ ತಗೊಳ್ಳುವಾಗ ಕಣ್ಣು ಬಿಟ್ಟುಕೊಂಡು, ಬೆರಳನ್ನೂ ಆಡಿಸಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಯಾವ ಪಕ್ಷ ಅಂತ ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಎರಡು ಸ್ಟೀಲ್ ಸೈಕಲ್ ಇವೆ. ಒಂದು ಹೈ-ಟೆನ್, ಹನ್ನೊಂದು ವರ್ಷದಿಂದ ದಿನಾ ಓಡಿಸುತ್ತಿದ್ದೇನೆ. ಅದರ ಮೂಲ ಬಣ್ಣ ಯಾವುದು ಅಂತ ಈಗ ನನಗೂ ನೆನಪಿಲ್ಲ. ಇನ್ನೊಂದು ಒಳ್ಳೆಯ ಕ್ರೋಮೋಲಿ. ಅದು ಗೋಡೆಯ ಮೇಲೆ ನೇತಾಡುತ್ತಿದೆ. ಓಡಿಸಲು ಚೆನ್ನಾಗಿಲ್ಲ ಅಂತಲ್ಲ, ತುಂಬಾ ಚೆನ್ನಾಗಿದೆ. ಆದರೆ ಅದಕ್ಕೆ ಮಡ್‌ಗಾರ್ಡ್ ಕೂರುವುದಿಲ್ಲ. ಮೊದಲ ಮಳೆಗೆ ಬೆನ್ನ ಮೇಲೆ ಕೆಸರಿನ ಪಟ್ಟೆ ಹೊಡೆಸಿಕೊಂಡು ಮೀಟಿಂಗ್‌ನಲ್ಲಿ ಕೂತ ದಿನ ಅದು ಗೋಡೆ ಹತ್ತಿತು, ಇಳಿದಿಲ್ಲ.

ಸ್ಟೀಲ್ ಬಗ್ಗೆ ಜನ ಮಾತಾಡುವುದರಲ್ಲಿ ಅರ್ಧ ಭಕ್ತಿ. ಒಂದೇ ದಪ್ಪದ, ಒಂದೇ ಸುತ್ತಳತೆಯ ಎರಡು ಪೈಪ್ ತಗೊಳ್ಳಿ, ಒಂದು ಹೈ-ಟೆನ್, ಇನ್ನೊಂದು ಕ್ರೋಮೋಲಿ. ಎರಡಕ್ಕೂ ಒಂದೇ ಭಾರ ನೇತುಹಾಕಿ. ಎರಡೂ ಒಂದೇ ಅಷ್ಟು ಬಗ್ಗುತ್ತವೆ. ಬಗ್ಗುವ ಲೆಕ್ಕದಲ್ಲಿ ಫ್ರೇಮಿಗೆ ಬಳಸುವ ಎಲ್ಲ ಸ್ಟೀಲ್‌ಗೂ ಅಂಕಿ ಹೆಚ್ಚುಕಡಿಮೆ ಒಂದೇ, 200 ಗಿಗಾಪ್ಯಾಸ್ಕಲ್ ಆಸುಪಾಸು. ವ್ಯತ್ಯಾಸ ಬರುವುದು ಭಾರ ಇನ್ನೂ ಏರಿಸಿದಾಗ. ಹೈ-ಟೆನ್ ಬೇಗ ಸೋತು ಡೊಂಕಾಗಿಯೇ ಉಳಿದುಬಿಡುತ್ತದೆ, ಕ್ರೋಮೋಲಿ ಇನ್ನೂ ಸ್ವಲ್ಪ ತಡೆದುಕೊಂಡು ವಾಪಸ್ ನೆಟ್ಟಗಾಗುತ್ತದೆ. ಅದಕ್ಕೇ ಕ್ರೋಮೋಲಿ ಪೈಪನ್ನು ತೆಳ್ಳಗೆ ಮಾಡಲು ಧೈರ್ಯ ಬರುತ್ತದೆ. ತೆಳ್ಳಗಾದರೆ ಹಗುರ. ಲಗ್‌ಪ್ರಿಯ ಹೇಳುವ ಮೃದುತನ ಆ ತೆಳುವಿನದು, ಹೆಸರಿನದಲ್ಲ.

ಎಷ್ಟು ತೆಳು ಅಂದರೆ, ಒಳ್ಳೆಯ ಬಟೆಡ್ ಪೈಪ್ ಎರಡು ತುದಿಯಲ್ಲಿ 0.9 ಮಿ.ಮೀ., ನಡುವೆ 0.6. ಬೆಸುಗೆಯ ಬಿಸಿ ತಾಗುವ ಕಡೆ ದಪ್ಪ, ಬೇಡವಾದ ಕಡೆ ತೆಳು. ರೆನಾಲ್ಡ್ಸ್‌ನವರು ಇದಕ್ಕೆ ಪೇಟೆಂಟ್ ತಗೊಂಡಿದ್ದು 1897 ರಲ್ಲಿ. ಅಂದರೆ ಹೊಸ ವಿದ್ಯೆ ಏನಲ್ಲ. ಅಂದಹಾಗೆ 531 ಕ್ರೋಮೋಲಿ ಅಲ್ಲ. ಅದು ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಸೇರಿಸಿದ ಸ್ಟೀಲ್. ಕ್ರೋಮೋಲಿಯಲ್ಲಿ ಕ್ರೋಮಿಯಂ ಇದೆ, ತುಕ್ಕು ಹಿಡಿಯಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 4130 ರಲ್ಲಿ ಅದು ನೂರಕ್ಕೆ ಒಂದು ಪಾಲು ಅಷ್ಟೇ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಹತ್ತೂವರೆ ಪಾಲಾದರೂ ಬೇಕು.

ಈಗ ನಿಮ್ಮ ಎರಡನೆಯ ಫ್ರೇಮ್. ಆ ಸ್ಟಿಕ್ಕರ್‌ನಲ್ಲಿ ಸಣ್ಣ ಅಕ್ಷರ ಓದಿದ್ದೀರಾ? 'ಮುಖ್ಯ ಮೂರು ಟ್ಯೂಬ್' ಅಂತ ಇದ್ದರೆ ಹಿಂದಿನ ಸ್ಟೇಗಳು ಮತ್ತು ಫೋರ್ಕ್ ಹೈ-ಟೆನ್ ಅಂತಲೇ ಅರ್ಥ. ಅದು ಮೋಸವೇನಲ್ಲ, ಬರೆದೇ ಇರುತ್ತಾರೆ. ಓದದೆ ಬಿಡುವವರು ನಾವು.

ಸ್ಟಿಕ್ಕರ್ ಇಲ್ಲದೆಯೂ ಅಂದಾಜು ಮಾಡಲು ಒಂದು ಉಪಾಯ ಇದೆ. ಹಳೆಯ ಶೈಲಿಯ ಸ್ಟೀಲ್ ಫ್ರೇಮ್‌ನ ಸೀಟ್ ಟ್ಯೂಬ್ ಹೊರಗಡೆಯಿಂದ 28.6 ಮಿ.ಮೀ. ಇರುತ್ತದೆ. ಅದಕ್ಕೆ 27.2 ರ ಸೀಟ್ ಪೋಸ್ಟ್ ಕೂತರೆ ಗೋಡೆ 0.7 ರಷ್ಟು ತೆಳು, ಒಳ್ಳೆಯ ಪೈಪ್. 25.4 ರ ಪೋಸ್ಟ್ ಕೂತರೆ ಕಳೆದು ಎರಡರಿಂದ ಭಾಗಿಸಿ: 1.6. ಅದು ನೀವು ಹೇಳಿದ ನೀರಿನ ಪೈಪ್. ಒಂದನೆಯದು ಹೀಗೇ ಇರಬೇಕು ಅಂತ ನನ್ನ ಊಹೆ. ಹಾಗಿದ್ದರೆ ನಿಮ್ಮ 27.2 ಪೋಸ್ಟ್ ಅದಕ್ಕೆ ಹೋಗುವುದಿಲ್ಲ, ಹೊಸದು ಬೇಕು. ಮುಂದಿನ ಡಿರೇಲರ್‌ನ (ಗೇರ್ ಬದಲಿಸಲು ಚೈನ್ ಸರಿಸುವ ಸಾಧನ) ಪಟ್ಟಿಯನ್ನೂ ನೋಡಿಕೊಳ್ಳಿ. ಅಲ್ಯೂಮಿನಿಯಂ ಫ್ರೇಮ್‌ನದು ಸಾಮಾನ್ಯವಾಗಿ 31.8 ಅಥವಾ 34.9, ಸ್ಟೀಲ್‌ಗೆ ದೊಗಲೆಯಾಗುತ್ತದೆ. ನಡುವೆ ಒಂದು ಶಿಮ್ (ತೆಳು ಸುತ್ತುಪಟ್ಟಿ) ಹಾಕಿದರೆ ಸಾಕು.

ಒಂದನೆಯದಕ್ಕೆ ತಾಪತ್ರಯ ಇಷ್ಟೇ. ಈಗ ಎರಡನೆಯದಕ್ಕೆ ಲೆಕ್ಕ ಹಾಕಿ. ನಿಮ್ಮ ಹಬ್ 135, ಅದು 130. ಅಂಥ ಫ್ರೇಮಿಗೆ ಸಾಮಾನ್ಯವಾಗಿ ವಿ-ಬ್ರೇಕ್‌ನ ಗೂಟ ಇರುವುದಿಲ್ಲ, ಕ್ಯಾಲಿಪರ್ ಬ್ರೇಕ್ ತರಬೇಕು. ಟಯರ್ 28 ಕ್ಕೆ ಇಳಿಸಬೇಕು. ನಿಮ್ಮ ತೂಕಕ್ಕೆ, ಮೇಲೆ 6 ಕೆ.ಜಿ. ಚೀಲಕ್ಕೆ, ಗುಂಡಿ ಬಿದ್ದ ರಸ್ತೆಗೆ 28? ಫ್ರೇಮ್ ಎಷ್ಟೇ ಮೃದುವಾಗಿರಲಿ, 38 ರ ಟಯರ್ ಕೊಡುವ ಆರಾಮ ಅದು ಕೊಡುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಕ್ಯಾರಿಯರ್‌ಗೆ ತೂತು ಇದೆಯೋ ಇಲ್ಲವೋ ನೀವು ಹೇಳಿಲ್ಲ.

ಮೂರನೆಯದಕ್ಕೆ ಬೇರೆಯೇ ಪಟ್ಟಿ. 27 ಇಂಚು ಅಂದರೆ ರಿಮ್ ಅಳತೆ 630. ನಿಮ್ಮದು 622. ರಿಮ್ 4 ಮಿ.ಮೀ. ಕೆಳಗೆ ಬರುತ್ತದೆ, ಬ್ರೇಕ್ ರಬ್ಬರ್ ಅಲ್ಲಿಗೆ ಎಟುಕಬೇಕು. ಅದು ಬಹಳ ಸಲ ಎಟುಕುತ್ತದೆ, ತೊಂದರೆ ಇಲ್ಲ. 126 ನ್ನು 135 ಮಾಡುವುದೇ ಕಷ್ಟ. ಸ್ಟೀಲ್ ಸ್ಟೇಗಳನ್ನು ಹಿಗ್ಗಿಸಬಹುದು, 126 ರಿಂದ 130 ಕ್ಕೆ ನಾನೇ ಎರಡು ಸಲ ಮಾಡಿದ್ದೇನೆ. 9 ಮಿ.ಮೀ. ಹಿಗ್ಗಿಸುವುದು ನನಗಂತೂ ಇಷ್ಟವಿಲ್ಲ, ಅದೂ ಅಷ್ಟು ಒಳ್ಳೆಯ ಫ್ರೇಮನ್ನು. ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) ಒಂದು ಇಂಚಿನ ತಿರುಪಿನದ್ದಾಗಿದ್ದರೆ ಹ್ಯಾಂಡಲ್ ಹಿಡಿಯುವ ನಿಮ್ಮ ಸ್ಟೆಮ್ಮೂ ಹೋಯಿತು.

ಹೋಗಿ ನೋಡುವುದಾದರೆ, ಮೊದಲು ಡೌನ್ ಟ್ಯೂಬ್ (ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನಿಂದ ಪೆಡಲ್ ಕಡೆಗೆ ಇಳಿಯುವ ಪೈಪ್) ಕೆಳಭಾಗ. ಹೆಡ್ ಟ್ಯೂಬಿನಿಂದ ಒಂದೆರಡು ಇಂಚು ಹಿಂದೆ ಬೆರಳಿಟ್ಟು ಮೆಲ್ಲಗೆ ಹಿಂದೆ ಮುಂದೆ ಎಳೆಯಿರಿ. ಎದುರಿಗೆ ಗುದ್ದಿದ ಫ್ರೇಮ್ ಅಲ್ಲೇ ಮಡಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣಿಸದ ಏರು ಬೆರಳಿಗೆ ಸಿಗುತ್ತದೆ. ಆಮೇಲೆ ಸೀಟ್ ಪೋಸ್ಟ್ ಮೇಲೆ ಕೆಳಗೆ ಆಡುತ್ತದೋ ಅಥವಾ ಕಚ್ಚಿಕೊಂಡಿದೆಯೋ ನೋಡಿ. ಆಮೇಲೆ ದಾರ. ಒಂದು ಡ್ರಾಪ್‌ಔಟ್‌ಗೆ (ಹಿಂದಿನ ಚಕ್ರದ ಅಚ್ಚು ಕೂರುವ ಕಚ್ಚು) ದಾರ ಕಟ್ಟಿ, ಹೆಡ್ ಟ್ಯೂಬ್ ಸುತ್ತಿಸಿ ತಂದು ಇನ್ನೊಂದು ಡ್ರಾಪ್‌ಔಟ್‌ಗೆ ಬಿಗಿಯಾಗಿ ಕಟ್ಟಿ. ಸೀಟ್ ಟ್ಯೂಬಿನಿಂದ ದಾರಕ್ಕೆ ಎಡಕ್ಕೂ ಬಲಕ್ಕೂ ಅಳತೆ ಒಂದೇ ಬರಬೇಕು.

ಮೂರನೇಮಹಡಿ:

ಎಲ್ಲರೂ ಓಡಿಸುವ ಮಾತೇ ಆಡುತ್ತಿದ್ದೀರಿ. ಹೊರುವ ಮಾತು ಯಾರೂ ಆಡುತ್ತಿಲ್ಲ. ನಾನು ದಿನಾ ಬೆಳಿಗ್ಗೆ ಸಂಜೆ ಸೈಕಲ್ ಹೆಗಲ ಮೇಲೆ ಹಾಕಿಕೊಂಡು ಐವತ್ತೆರಡು ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಹೈ-ಟೆನ್ ಫ್ರೇಮ್, ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೀಗ ಸೇರಿ 17 ಕೆ.ಜಿ. ಇತ್ತು. ಒಂದು ವರ್ಷ ಹೊತ್ತೆ. ಆಮೇಲೆ ಕ್ರೋಮೋಲಿಗೆ ಬದಲಾಯಿಸಿದೆ. ಆ ಒಂದು ಚಿಲ್ಲರೆ ಕೆ.ಜಿ. ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ಮೂರನೇ ಮಹಡಿಯ ತಿರುವಿನಲ್ಲಿ ಗೊತ್ತಾಗುತ್ತದೆ.

ತುಕ್ಕುಡಬ್ಬಿ:

ಇದು ಸರಿಯಾದ ಮಾತು, ನನಗೆ ಹೊಳೆದಿರಲಿಲ್ಲ. ನಮ್ಮ ಮನೆ ನೆಲಮಹಡಿ, ಅದಕ್ಕೇ. ರಸ್ತೆಯ ಲೆಕ್ಕದಲ್ಲಿ ಅವರು 82, ಸೈಕಲ್ 14, ಚೀಲ 6, ಒಟ್ಟು 102 ಕೆ.ಜಿ. ಅದರಲ್ಲಿ ಎರಡು ಹೊಸ ಫ್ರೇಮ್‌ಗಳ ವ್ಯತ್ಯಾಸ 900 ಗ್ರಾಂ ಅಂದರೆ ನೂರಕ್ಕೆ ಒಂದೂ ಇಲ್ಲ. ಹೆಗಲ ಮೇಲೆ ಹಾಕಿಕೊಂಡರೆ 14 ರಲ್ಲಿ 900 ಗ್ರಾಂ. ನಿಧಾನಸವಾರರೇ, ನಿಮಗೆ ಮೆಟ್ಟಿಲು ಇದೆಯಾ?

ಆದರೂ ಮಹಡಿಯವರೇ, ನಿಮ್ಮ ಬೀಗ ಎಷ್ಟು ತೂಗುತ್ತದೆ? ಸುಮ್ನೆ ಕೇಳಿದೆ.

ಮೂರನೇಮಹಡಿ:

1.6 ಕೆ.ಜಿ. ಈಗ ಅದನ್ನು ಆಫೀಸಿನ ಕಂಬಕ್ಕೇ ಬಿಟ್ಟು ಬರುತ್ತೇನೆ. ನಗಬೇಡಿ.

ನಿಧಾನಸವಾರ:

ಮೆಟ್ಟಿಲು ಮೂರೇ ಮೂರು, ಗೇಟಿನ ಹತ್ತಿರ. ಹೊರುವ ಚಿಂತೆ ಇಲ್ಲ.

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮೂರನ್ನೂ ಮತ್ತೆ ನೋಡಿ ಬಂದೆ, ಈ ಸಲ ಅಳತೆ ಪಟ್ಟಿ, ದಾರ, ಐದು ಮಿ.ಮೀ. ಅಲೆನ್ ಕೀ ಎಲ್ಲ ಜೇಬಿನಲ್ಲಿಟ್ಟುಕೊಂಡು.

531 ರ ಹತ್ತಿರ ಮೊದಲು ಹೋದೆ. ಲಗ್‌ಗಳನ್ನು ಮತ್ತೆ ನೋಡಿದೆ. ಈ ಸಲವೂ ಮನಸ್ಸು ಜಾರಿತು. ಆಮೇಲೆ ಡೌನ್ ಟ್ಯೂಬ್ ಕೆಳಗೆ ಬೆರಳಿಟ್ಟೆ. ಮೊದಲ ಸಲ ಏನೂ ಸಿಗಲಿಲ್ಲ. ಸಮಾಧಾನ ಆಯಿತು. ಎರಡನೇ ಸಲ ಕಣ್ಣು ಮುಚ್ಚಿ ಇನ್ನೂ ನಿಧಾನವಾಗಿ ಎಳೆದೆ. ಹೆಡ್ ಟ್ಯೂಬಿನಿಂದ ಎರಡು ಬೆರಳು ಹಿಂದೆ ಒಂದು ಸಣ್ಣ ಏರು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಉಳಿದುಹೋದ ಮಡಿಕೆಯ ಹಾಗೆ. ಟಾರ್ಚನ್ನು ಅಡ್ಡಲಾಗಿ ಹಿಡಿದಾಗ ಬಣ್ಣ ಅಲ್ಲಿ ಕೂದಲಿನಷ್ಟು ಒಡೆದಿದ್ದು ಕಾಣಿಸಿತು. ಮತ್ತೆ ಕೂದಲು! ಸೀಟ್ ಪೋಸ್ಟ್ ಕೂಡ ಒಂದಿಷ್ಟೂ ಅಲ್ಲಾಡಲಿಲ್ಲ. ಮಾರುವವರಿಗೆ ತೋರಿಸಿದೆ. ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ, ಮುಖ ಸಪ್ಪೆಯಾಯಿತು. ನನ್ನದೂ.

ಎರಡನೆಯದರಲ್ಲಿ ಸಣ್ಣ ಅಕ್ಷರ ಇತ್ತು. 'ಮುಖ್ಯ ಮೂರು ಟ್ಯೂಬ್', ಪಕ್ಕಾ. ಕ್ಯಾರಿಯರ್‌ಗೆ ತೂತು ಇಲ್ಲ. ಚೈನ್‌ಸ್ಟೇ 415 ಮಿ.ಮೀ. ನನ್ನ ಪಾದ ದೊಡ್ಡದು. ಕ್ಯಾರಿಯರ್ ಹೇಗೋ ಕಟ್ಟಿದರೂ ಪ್ರತಿ ಸುತ್ತಿಗೂ ಹಿಮ್ಮಡಿ ಚೀಲಕ್ಕೆ ಒದೆಯುತ್ತಿತ್ತು. ಒಂದನೆಯದರದು 445.

ಒಂದನೆಯದಕ್ಕೆ ನನ್ನ ಹಿಂದಿನ ಚಕ್ರವನ್ನೇ ತೆಗೆದುಕೊಂಡು ಹೋಗಿ ಕೂರಿಸಿ ನೋಡಿದೆ. ಟಯರ್ ಮತ್ತು ಸ್ಟೇ ನಡುವೆ ಐದರ ಅಲೆನ್ ಕೀ ಎರಡೂ ಕಡೆ ಸಲೀಸಾಗಿ ಹಾದುಹೋಯಿತು. ಮೇಲ್ಗಡೆ ಮಡ್‌ಗಾರ್ಡ್‌ಗೂ ಜಾಗ ಇದೆ. ಸೀಟ್ ಟ್ಯೂಬ್ ಬಾಯಿಯಲ್ಲಿ 25.4 ಅಂತ ಒತ್ತಿದ್ದಾರೆ. ತುಕ್ಕುಡಬ್ಬಿಯವರ ಕಳೆದು ಭಾಗಿಸುವ ಲೆಕ್ಕ ಸರಿ.

ಅದನ್ನೇ ತಗೊಂಡೆ. ಜೋಡಿಸುವ ಮುಂಚೆ ಏನಾದರೂ ಮಾಡಬೇಕಾ?

ಲಗ್‌ಪ್ರಿಯ:

ಮಡಿಕೆ ಇತ್ತಾ... ನನ್ನ ಮಾತು ವಾಪಸ್. ಆದರೆ ಆ ಲಗ್‌ಗಳ ಒಂದು ಫೋಟೋ ಹಾಕಿ ದಯವಿಟ್ಟು.

ತುಕ್ಕುಡಬ್ಬಿ:

ಜೋಡಿಸುವ ಮುಂಚೆ ಒಂದೇ ಕೆಲಸ, ಒಳಗಡೆ ಎಣ್ಣೆ. ಸ್ಟೀಲ್ ಫ್ರೇಮ್ ಸಾಯುವುದು ಒಳಗಿನಿಂದ. ಸೀಟ್ ಪೋಸ್ಟ್ ಸಂದಿನಲ್ಲಿ ಮಳೆ ನೀರು ಇಳಿದು ಪೆಡಲ್ ಅಚ್ಚಿನ ಗೂಡಿನಲ್ಲಿ (ಬಾಟಮ್ ಬ್ರ್ಯಾಕೆಟ್ ಕೂರುವ ಜಾಗ) ನಿಲ್ಲುತ್ತದೆ. ಆ ಗೂಡಿನ ಕೆಳಗೆ ಸಣ್ಣ ತೂತು ಇದೆಯಾ ನೋಡಿ. ಇದ್ದರೆ ಅದನ್ನು ಬಣ್ಣ ಮುಚ್ಚಿರದ ಹಾಗೆ ಚುಚ್ಚಿ ತೆಗೆಯಿರಿ. ಒಳಗೆ ಸಿಂಪಡಿಸುವ ತುಕ್ಕು ತಡೆ ಸ್ಪ್ರೇ ಸಿಗುತ್ತದೆ. ನಾನು ಮರಕ್ಕೆ ಹಚ್ಚುವ, ಕಾಯಿಸಿದ ಅಗಸೆ ಎಣ್ಣೆ ಬಳಸುತ್ತೇನೆ. ಪ್ರತಿ ಪೈಪಿಗೂ ಸ್ವಲ್ಪ ಸುರಿದು, ಫ್ರೇಮನ್ನು ಮಗು ತೂಗಿದ ಹಾಗೆ ಎಲ್ಲ ದಿಕ್ಕಿಗೂ ತಿರುಗಿಸಿ, ಒಂದು ರಾತ್ರಿ ಸೋರಲು ಬಿಡುತ್ತೇನೆ. ಆಮೇಲೆ ಒಣಗಲು ಕೆಲವು ದಿನ ಬೇಕು. ಒಂದು ಎಚ್ಚರಿಕೆ: ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹತ್ತುತ್ತದೆ, ನಿಜವಾಗಿಯೂ. ಹೊರಗಡೆ ಹರಡಿ ಒಣಗಿಸಿ.

ಸೀಟ್ ಪೋಸ್ಟ್‌ಗೆ ಧಾರಾಳವಾಗಿ ಗ್ರೀಸ್ ಹಚ್ಚಿ. ಅಲ್ಯೂಮಿನಿಯಂ ಪೋಸ್ಟ್, ಸ್ಟೀಲ್ ಟ್ಯೂಬ್, ನಡುವೆ ಮಳೆ ನೀರು: ಮೂರೂ ಸೇರಿದರೆ ನೀವು ನಿನ್ನೆ ನೋಡಿದ್ದೇ ಆಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಹಚ್ಚಿದರೆ ಸಾಕು. ಆ ಗೂಡಿಗೆ ಬಾಟಮ್ ಬ್ರ್ಯಾಕೆಟ್ ಕೂರಿಸುವಾಗ ಬಲಗಡೆಯ ತಿರುಪು ಸಾಮಾನ್ಯವಾಗಿ ಉಲ್ಟಾ ತಿರುಗುತ್ತದೆ ಅನ್ನುವುದನ್ನು ಮರೆಯಬೇಡಿ. ಮೊದಲ ಸಲ ನಾನು ಅರ್ಧ ಗಂಟೆ ಗುದ್ದಾಡಿದ್ದೆ.

ನಿಧಾನಸವಾರ:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಣ್ಣೆ ಸುರಿದೆ, ಬಟ್ಟೆಯನ್ನು ಕಾಂಪೌಂಡ್ ಗೋಡೆ ಮೇಲೆ ಹರಡಿ ಅರ್ಧ ದಿನ ಕಾವಲು ಕಾದೆ. ಮನೆಯಲ್ಲಿ ಎಲ್ಲರೂ ನಕ್ಕರು.

ಹೊಸ ಪೋಸ್ಟ್ 25.4 ಅಂತಲೇ ತಂದರೂ ಕಾಲು ಭಾಗ ಇಳಿದು ನಿಂತುಬಿಟ್ಟಿತು. ನಂಬರ್ ತಪ್ಪೇನೋ ಅಂದುಕೊಂಡೆ. ಟಾರ್ಚ್ ಬಿಟ್ಟು ನೋಡಿದರೆ, ಟಾಪ್ ಟ್ಯೂಬ್ ಬೆಸುಗೆ ಆದ ಕಡೆ ಒಳಗೆ ಅಕ್ಕಿ ಕಾಳಿನಷ್ಟು ಲೋಹ ಉಬ್ಬಿಕೊಂಡಿತ್ತು. ದುಂಡನೆಯ ಅರದಲ್ಲಿ ಹತ್ತು ನಿಮಿಷ ಉಜ್ಜಿದೆ, ಪುಡಿಯನ್ನೆಲ್ಲ ಬಟ್ಟೆಯಲ್ಲಿ ತೆಗೆದೆ, ಗ್ರೀಸ್ ಹಚ್ಚಿದೆ, ಇಳಿಯಿತು. ಆ 531 ಮಾಡಿದವರು ಲಗ್ ಅಂಚನ್ನು ಉಜ್ಜಿದ ಕೆಲಸದಲ್ಲಿ ನನ್ನ ಪಾಲಿಗೂ ಇಷ್ಟು ಬಂತು ಅಂದುಕೊಂಡೆ.

ಇವತ್ತು ಮೊದಲ ಪೂರ್ತಿ ದಿನ, 18 ಕಿಲೋಮೀಟರ್. ಸಂಜೆ ಮಳೆಯೂ ಬಂತು. ಬೆನ್ನು ಒಣಗಿಯೇ ಇದೆ, ಹಿಮ್ಮಡಿ ಚೀಲಕ್ಕೆ ತಾಗಲಿಲ್ಲ. ಏರಿನಲ್ಲಿ ಎದ್ದು ನಿಂತು ತುಳಿದಾಗ ಮಾತ್ರ ಎಲ್ಲೋ ಕಿರ್ ಕಿರ್ ಅನ್ನುತ್ತದೆ. ಬಾಟಲ್ ಬೋಲ್ಟ್ ಇರಬೇಕು ಅಂತ ಬಿಗಿ ಮಾಡಿದೆ, ಹೋಗಲಿಲ್ಲ. ನಾಳೆ ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿ ನೋಡುತ್ತೇನೆ.

ಲಗ್‌ಪ್ರಿಯ, ಫೋಟೋ ತೆಗೆಯಲಿಲ್ಲ ಮಾರಾಯರೇ. ಕೈ ಎರಡೂ ಎಣ್ಣೆಯಾಗಿತ್ತು ಅಂತ ಹೇಳಬಹುದಿತ್ತು, ಆದರೆ ನಿಜ ಅಂದರೆ ಬೇಜಾರಾಗಿತ್ತು.